ಮನೆಯಲ್ಲೊಬ್ಬಳು ಕಾದಂಬರಿ ಬರೆಯುತ್ತಿದ್ದರೆ

ನನ್ನ ಮೂರನೇ ಕಾದಂಬರಿಯ ಮೊದಲ ಕರಡು ಓದಿದ ಗೆಳತಿ ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಒಂದೇ ಪ್ರಶ್ನೆ ಕೇಳಿದಳು. "ಕಥೆ ಹೇಳ್ತಿರೋನಿಗೆ ಎಲ್ಲಾ ಮೊದಲೇ ಗೊತ್ತಲ್ವಾ? ಮತ್ತೆ ಯಾರಿಗೋಸ್ಕರ ಹೇಳ್ತಿದ್ದಾನೆ?"

ಕಥೆ ದೊಡ್ಡದೇನಲ್ಲ. ಅಪ್ಪ ತೀರಿಕೊಂಡ ಮೇಲೆ ಮೂವರು ಮಕ್ಕಳು ಹಳೆಯ ಮನೆಯನ್ನು ಮಾರಲು ಹೊರಡುತ್ತಾರೆ. ಮಾರಬೇಕೋ ಬೇಡವೋ ಅನ್ನುವ ಜಗಳದಲ್ಲಿ, ಮುಚ್ಚಿಟ್ಟಿದ್ದೆಲ್ಲ ಒಂದೊಂದಾಗಿ ಹೊರಗೆ ಬರುತ್ತದೆ. ಇದನ್ನು ಹಿರಿಮಗನ ಬಾಯಲ್ಲಿ ಹೇಳಿಸಿದ್ದೆ. ಆ ಮನೆಯ ವಿಷಯ ಅವನಿಗಿಂತ ಚೆನ್ನಾಗಿ ಗೊತ್ತಿರುವವರು ಇನ್ಯಾರು ಅಂತ ನನ್ನ ಲೆಕ್ಕ. ಆದರೆ ಅವನು ಬಾಯಿ ಬಿಟ್ಟರೆ ಬರೀ ವಿವರಣೆ. ಅಪ್ಪನ ಕುರ್ಚಿ ಯಾವುದು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಮಹಡಿಯ ಕೋಣೆಗೆ ಯಾಕೆ ಬೀಗ. ಅಲ್ಲೇ ಹುಟ್ಟಿ ಬೆಳೆದವನು ಇದನ್ನೆಲ್ಲ ತನಗೆ ತಾನೇ ಯಾಕೆ ಹೇಳಿಕೊಳ್ಳುತ್ತಾನೆ? ಓದುಗರಿಗೆ ತಿಳಿಯಲಿ ಅಂತ ನಾನೇ ಅವನ ಹಿಂದೆ ನಿಂತು ಹೇಳಿಕೊಡುತ್ತಿದ್ದೆ. ಅದು ಪುಟಪುಟದಲ್ಲೂ ಕಾಣುತ್ತಿತ್ತು.

ಹಾಗಾಗಿ ಕಥೆಯನ್ನು ಕಿರಿಸೊಸೆಯ ಕೈಗೆ ಕೊಟ್ಟೆ. ಮದುವೆಯಾಗಿ ಇನ್ನೂ ವರ್ಷ ತುಂಬದವಳು. ಮೊದಲ ಕರಡಿನಲ್ಲಿ ಅವಳಿಗೆ ಹೆಸರು ಕೂಡ ಇರಲಿಲ್ಲ. ಬಾಗಿಲು ತೆಗೆಯುವುದು, ಫೋನ್ ಬಂದಿದೆ ಅಂತ ಕರೆಯುವುದು, ಇಷ್ಟೇ ಅವಳ ಕೆಲಸ. ಕಥೆ ಅವಳ ಕೈಗೆ ಹೋದ ತಕ್ಷಣ ಅದೇ ಕುರ್ಚಿ ಬೇರೆಯಾಯಿತು. ಖಾಲಿ ಇದೆಯಲ್ಲ ಅಂತ ಅವಳು ಹೋಗಿ ಕೂರುತ್ತಾಳೆ. ಮನೆಯವರೆಲ್ಲ ಒಂದು ಕ್ಷಣ ಸುಮ್ಮನಾಗುತ್ತಾರೆ, ಆಮೇಲೆ ಏನೂ ಆಗದವರಂತೆ ಮಾತು ಮುಂದುವರಿಸುತ್ತಾರೆ. ಅದು ಮಾವನ ಕುರ್ಚಿ ಅಂತ ನಾನು ಬರೆಯಬೇಕಾಗಿಯೇ ಬರಲಿಲ್ಲ.

ಇಷ್ಟು ಸುಲಭದ ದಾರಿ ಇದ್ದಾಗ ಹಿರಿಮಗನ ಹಿಂದೆ ಯಾಕೆ ಅಷ್ಟು ಸುತ್ತಿದೆ ಅಂತ ಆಮೇಲೆ ಯೋಚಿಸಿದ್ದೇನೆ. ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಇತ್ತು ಅನ್ನಿಸುತ್ತದೆ. ಒಂದೇ ಮನೆ, ಒಂದೇ ಬೀದಿ, ಇಪ್ಪತ್ತು ವರ್ಷ ಒಂದೇ ಮಾವಿನ ಮರ. ನನಗೆ ಅಂಥದ್ದು ಇರಲಿಲ್ಲ. ಕಾಗದದ ಮೇಲಾದರೂ ಒಮ್ಮೆ ಅವನಾಗಿ ಬದುಕಿ ನೋಡುವ ಆಸೆ.

ಅಪ್ಪನದು ವರ್ಗಾವಣೆಯ ಕೆಲಸ. ಶಾಲೆ ಅರ್ಧ ವರ್ಷ ನಡೆದಿರುವಾಗ ಹೊಸ ತರಗತಿಗೆ ಹೋಗಿ ನಿಲ್ಲುವುದು ನನಗೆ ರೂಢಿಯಾಗಿಬಿಟ್ಟಿತ್ತು. ಅಲ್ಲಿ ಆಟದ ನಿಯಮ ಬೇರೆ, ಅಡ್ಡಹೆಸರುಗಳು ಬೇರೆ, ಯಾವುದಕ್ಕೆ ನಗಬೇಕು ಅನ್ನುವುದೂ ಬೇರೆ. ಮೊದಲ ಕೆಲವು ದಿನ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದೆ. ಯಾರು ಹೇಳಿದರೆ ಉಳಿದವರು ಕೇಳುತ್ತಾರೆ? ಯಾರು ಯಾರಿಗೆ ಹೆದರುತ್ತಾರೆ? ಜೋರಾಗಿ ಮಾತಾಡುವವಳೇ ನಾಯಕಿ ಅಂದುಕೊಂಡರೆ ಮೋಸ. ಅವಳು ಮಾತಾಡುವ ಮೊದಲು ಯಾರ ಕಡೆ ಒಮ್ಮೆ ನೋಡುತ್ತಾಳೋ, ನಾಯಕಿ ಅವಳು. ಇದು ಹತ್ತು ವಯಸ್ಸಿಗೇ ನನಗೆ ತಿಳಿದಿತ್ತು. ಇವತ್ತಿಗೂ ಒಂದು ಕೋಣೆಯಲ್ಲಿ ಐದಾರು ಪಾತ್ರಗಳನ್ನು ಕೂರಿಸಿದಾಗ, ಮೊದಲು ಬರೆದುಕೊಳ್ಳುವುದು ಯಾರ ಕಣ್ಣು ಯಾರ ಕಡೆ ಹೋಗುತ್ತದೆ ಅಂತಲೇ. ಮಾತು ಆಮೇಲೆ.

ಹಾಗಂತ, ಹೊರಗಿನವರಾಗಿರುವುದು ಲೇಖಕರಿಗೆ ಒಂದು ವರ ಅನ್ನುವ ಮಾತು ನನಗೆ ಅಷ್ಟು ಇಷ್ಟವಾಗುವುದಿಲ್ಲ. ಅದನ್ನು ಹೇಳುವವರು ಸಾಮಾನ್ಯವಾಗಿ ಒಳಗೆ ಚೆನ್ನಾಗಿ ಕೂತವರು. ಊಟದ ಬಿಡುವಿನಲ್ಲಿ ಒಬ್ಬಳೇ ಕೂತ ಹುಡುಗಿಗೆ ಅದು ವರ ಅನ್ನಿಸಿರಲಿಲ್ಲ. ಅವತ್ತು ಯಾರಾದರೂ ಬಂದು, "ಒಂದೋ ಕಾದಂಬರಿ ಬರೀತೀಯ, ಇಲ್ಲಾ ಇವರ ಜೊತೆ ಕುಂಟೆಬಿಲ್ಲೆ ಆಡ್ತೀಯ" ಅಂತ ಕೇಳಿದ್ದರೆ ನಾನು ಕುಂಟೆಬಿಲ್ಲೆಗೇ ಓಡುತ್ತಿದ್ದೆ.

ಭಾಷೆಯದೂ ಇದೇ ಕಥೆ. ನಮ್ಮ ಮನೆಮಾತು ಕನ್ನಡ ಅಲ್ಲ. ಅಮ್ಮನ ಜೊತೆ ಜಗಳ ಆಡುವ ಭಾಷೆ ಒಂದು, ಬರೆಯುವ ಭಾಷೆ ಇನ್ನೊಂದು. ಬರೆಯಲು ಶುರು ಮಾಡಿದ ಕಾಲದಲ್ಲಿ ಇದು ದೊಡ್ಡ ಕೊರತೆ ಅನ್ನಿಸುತ್ತಿತ್ತು. ಅಜ್ಜಿಯ ಬಾಯಿಂದ ಬಂದ ಗಾದೆ ಇಲ್ಲ, ಬೈಗುಳ ಇಲ್ಲ, ಲಾಲಿ ಇಲ್ಲ. ಯಾವ ನುಡಿಗಟ್ಟು ಬರೆದರೂ ಯಾರದೋ ಮನೆಯಿಂದ ಕೇಳಿ ತಂದದ್ದು ಅನ್ನುವ ಅಳುಕು. ಧೈರ್ಯ ಬಂದದ್ದು ಹಿಂದಿನವರನ್ನು ನೋಡಿ. ಮಾಸ್ತಿಯವರ ಮನೆಮಾತು ತಮಿಳು. ಬೇಂದ್ರೆಯವರದು ಮರಾಠಿ. ಗಿರೀಶ ಕಾರ್ನಾಡರದು ಕೊಂಕಣಿ. ಜ್ಞಾನಪೀಠ ಬೇಂದ್ರೆಯವರಿಗೆ 1973ರಲ್ಲಿ, ಮಾಸ್ತಿಯವರಿಗೆ 1983ರಲ್ಲಿ, ಕಾರ್ನಾಡರಿಗೆ 1998ರಲ್ಲಿ ಬಂತು. ಇವರಲ್ಲಿ ಯಾರ ಕನ್ನಡವನ್ನಾದರೂ ಎರವಲು ಅಂತ ಕರೆಯುವ ಧೈರ್ಯ ಯಾರಿಗಿದೆ? ಬೇಂದ್ರೆಯವರನ್ನು ಓದುವಾಗಲಂತೂ, ಆ ನುಡಿ ಅಲ್ಲೇ ಮಣ್ಣಿನಿಂದ ಎದ್ದು ಬಂದಿದೆ ಅನ್ನಿಸುತ್ತದೆ.

ಇನ್ನೊಂದು ತುದಿಯಲ್ಲಿ ಅಗೋತಾ ಕ್ರಿಸ್ತೋಫ್ ಇದ್ದಾರೆ. 1956ರಲ್ಲಿ ಹಂಗೇರಿಯಿಂದ ಕೈಗೂಸು ಎತ್ತಿಕೊಂಡು ಗಡಿ ದಾಟಿ, ಕೊನೆಗೆ ಸ್ವಿಟ್ಜರ್ಲೆಂಡ್ ಸೇರಿದವರು. ಗಡಿಯಾರದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಸುತ್ತ ಎಲ್ಲರದೂ ಫ್ರೆಂಚ್, ಇವರಿಗೆ ಅದು ಬಾರದು. ಅದೇ ಫ್ರೆಂಚಿನಲ್ಲಿ ಬರೆದ ಅವರ ಮೊದಲ ಕಾದಂಬರಿ ಬಂದದ್ದು 1986ರಲ್ಲಿ, ಅಂದರೆ ಮೂವತ್ತು ವರ್ಷದ ಮೇಲೆ. ಅದರಲ್ಲಿ ವಾಕ್ಯಗಳೆಲ್ಲ ಗಿಡ್ಡ, ಒಣ, ಒಂದು ಪದವೂ ಹೆಚ್ಚಿಲ್ಲ. ಭಾಷೆ ಪೂರ್ತಿ ತನ್ನದಲ್ಲ ಅನ್ನುವುದನ್ನು ಅವರು ಮುಚ್ಚಿಡಲಿಲ್ಲ, ಅದನ್ನೇ ಶೈಲಿ ಮಾಡಿಕೊಂಡರು. ನನ್ನ ಕಿರಿಸೊಸೆಯ ದನಿ ಹುಡುಕುವಾಗ ಇದು ತುಂಬ ನೆರವಾಯಿತು. ಅವಳ ಬಾಯಿಗೆ ಗಾದೆಗಳನ್ನು ತುರುಕುವುದು ಬಿಟ್ಟೆ. ಗಾದೆ ಹೇಳುವವರೆಲ್ಲ ಆ ಮನೆಯವರು. ಅವಳು ಕೇಳಿಸಿಕೊಳ್ಳುತ್ತಾಳೆ, ಅಷ್ಟೇ.

ಬರೆಯುವ ಹೊತ್ತಿನ ವಿಷಯಕ್ಕೆ ಬಂದರೆ ಹೇಳಲು ಹೊಸದೇನೂ ಇಲ್ಲ. ಎಲ್ಲರದೂ ಅದೇ ಕಷ್ಟ. ಆಂಥೊನಿ ಟ್ರಾಲಪ್ ಇಂಗ್ಲೆಂಡಿನಲ್ಲಿ ಅಂಚೆ ಇಲಾಖೆಯ ನೌಕರಿ ಮಾಡುತ್ತಲೇ ಬರೆದವರು. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಹಾಜರ್. ಎದುರಿಗೆ ಗಡಿಯಾರ. ಕಾಲು ಗಂಟೆಗೆ 250 ಪದ. ಹೀಗೆ 47 ಕಾದಂಬರಿ ಬರೆದರು. ಇದನ್ನು ಓದಿ ಸ್ಫೂರ್ತಿ ಪಡೆಯುವವರು, ಅವರನ್ನು ಎಬ್ಬಿಸಿ ಕಾಫಿ ಕೊಡಲು ಒಬ್ಬ ಆಳು ಇದ್ದ, ಅವನಿಗೆ ಅದಕ್ಕೆಂದೇ ವರ್ಷಕ್ಕೆ ಐದು ಪೌಂಡ್ ಜಾಸ್ತಿ ಸಿಗುತ್ತಿತ್ತು ಅನ್ನುವುದನ್ನೂ ಓದಬೇಕು. ನಮ್ಮ ಮನೆಯಲ್ಲಿ ಆ ಆಳೂ ನಾನೇ. ನನಗೆ ಹತ್ತಿರವೆನಿಸುವುದು ಟೋನಿ ಮಾರಿಸನ್. 1970ರಲ್ಲಿ ಅವರ ಮೊದಲ ಕಾದಂಬರಿ ಬಂದಾಗ, ಒಂದು ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯ ಕೆಲಸ, ಜೊತೆಗೆ ಇಬ್ಬರು ಗಂಡುಮಕ್ಕಳನ್ನು ಒಬ್ಬರೇ ಬೆಳೆಸುವ ಹೊಣೆ. ಮಕ್ಕಳು ಏಳುವ ಮೊದಲು ಸಿಗುವ ಹೊತ್ತು ಮಾತ್ರ ಅವರದು. ನಮ್ಮಲ್ಲೇ ಎಂ.ಕೆ. ಇಂದಿರಾ ಕಾದಂಬರಿ ಬರೆಯಲು ಕೂತದ್ದು ನಲವತ್ತೈದರ ಹೊತ್ತಿಗೆ. ಮೊದಲನೆಯದು ಅಚ್ಚಾದದ್ದು 1963ರಲ್ಲಿ. ಆಮೇಲೆ ಅವರು ಹಿಂದೆ ತಿರುಗಿ ನೋಡಲಿಲ್ಲ.

ನಾನು ಬರೆಯುವುದು ರಾತ್ರಿ. ಪಾತ್ರೆಗಳ ಸದ್ದು ನಿಂತ ಮೇಲೆ. ಹಗಲು ಸಿಕ್ಕ ತುಂಡು ಹೊತ್ತಿನಲ್ಲಿ ಹೊಸದಾಗಿ ಬರೆಯಲು ಆಗುವುದಿಲ್ಲ, ತಿದ್ದಬಹುದು. ಅಡ್ಡಿ ಬಂದರೂ ತಿದ್ದುವ ಕೆಲಸ ಕೆಡುವುದಿಲ್ಲ. ಹೊಸ ಪುಟ ಬರೆಯುವಾಗ ಮಾತ್ರ "ಅಮ್ಮ, ನನ್ನ ಕಂಪಾಸ್ ಬಾಕ್ಸ್ ಎಲ್ಲಿ?" ಅಂದರೆ ಮುಗೀತು. ಮೂರು ಜನ ಜಗಳ ಆಡುತ್ತಿದ್ದ ಕೋಣೆ ಒಮ್ಮೆಗೇ ಖಾಲಿ.

ಆದರೆ ಹೊತ್ತಿಗಿಂತ ದೊಡ್ಡ ತೊಡಕು ಬೇರೆ ಇದೆ. ಹೊಸ ತರಗತಿಯಲ್ಲಿ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದ ಹುಡುಗಿ ಎಲ್ಲೂ ಹೋಗಿಲ್ಲ. ಮದುವೆಯಾಗಿ ಗಂಡನ ಮನೆಗೆ ಬಂದಾಗಲೂ ಅವಳೇ ಬಂದಳು. ಅದು ತುಂಬಿದ ಮನೆ. ಅತ್ತೆ, ಮಾವ, ಭಾವ, ಓರಗಿತ್ತಿ, ವಾರಕ್ಕೊಮ್ಮೆ ಬಂದು ಹೋಗುವ ನಾದಿನಿ. ಎಲ್ಲರೂ ಸೇರಿದರೆ ಹಳೆಯ ಕಥೆಗಳು. ಅರ್ಧ ಹೇಳುವಷ್ಟರಲ್ಲಿ ಎಲ್ಲರೂ ನಗುತ್ತಾರೆ, ಯಾಕೆಂದರೆ ಉಳಿದರ್ಧ ಎಲ್ಲರಿಗೂ ಗೊತ್ತು. ನಾನು ಅರ್ಧ ಕ್ಷಣ ತಡವಾಗಿ ನಗುತ್ತಿದ್ದೆ. ಓರಗಿತ್ತಿ ಅದನ್ನು ಗಮನಿಸಿ, ಕೆಲಸದ ನಡುವೆ ಪಕ್ಕಕ್ಕೆ ಕರೆದು ಉಳಿದರ್ಧ ಹೇಳಿಕೊಡುತ್ತಿದ್ದರು. ಅವರೂ ಒಂದು ಕಾಲಕ್ಕೆ ಹೊರಗಿನಿಂದ ಬಂದವರೇ ತಾನೆ.

ಆ ಮನೆಯವರು ಒಳ್ಳೆಯವರು. ನನ್ನನ್ನು ಹೊರಗಿಡಲು ಯಾರೂ ಪ್ರಯತ್ನಿಸಲಿಲ್ಲ. ಹೊರಗೆ ನಿಲ್ಲುವ ಚಾಳಿ ನನ್ನದು. ಗಂಡ ಇದನ್ನು ಎಲ್ಲರಿಗಿಂತ ಮೊದಲು ಕಂಡುಹಿಡಿದರು. ಒಮ್ಮೆ ಅವರು ಆಫೀಸಿನಲ್ಲಿ ಆದ ಅವಮಾನವೊಂದನ್ನು ಹೇಳಿಕೊಳ್ಳುತ್ತಿದ್ದರು. ಮಧ್ಯದಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದರು. "ನೀನೀಗ ಕೇಳಿಸ್ಕೊಳ್ತಾ ಇಲ್ಲ. ಬರ್ಕೊಳ್ತಾ ಇದೀಯ" ಅಂದರು. ಕೈಯಲ್ಲಿ ಪೆನ್ನೂ ಇರಲಿಲ್ಲ, ಫೋನೂ ಇರಲಿಲ್ಲ. "ಇಲ್ಲ ರೀ, ಹೇಳಿ" ಅಂದೆ. ಅವರು ಮುಂದೆ ಹೇಳಲಿಲ್ಲ.

ಆ ಮುಖ ಹೇಗಿರುತ್ತದೆ ಅಂತ ಆಮೇಲೆ ಅವರನ್ನೇ ಕೇಳಿದೆ. ಕಣ್ಣು ಮಿಟುಕಿಸುವುದು ಕಮ್ಮಿಯಾಗುತ್ತದಂತೆ. ನಡುವೆ "ಅಯ್ಯೋ", "ಹೌದಾ" ಅನ್ನುವುದು ನಿಂತುಹೋಗುತ್ತದಂತೆ. ಮಗಳಿಗೂ ಗೊತ್ತಾಗಿಬಿಟ್ಟಿದೆ. ಶಾಲೆಯ ಜಗಳದ ವಿಷಯ ಹೇಳುವಾಗ, "ಅಮ್ಮ, ಅಮ್ಮನ ಥರ ಕೇಳು" ಅನ್ನುತ್ತಾಳೆ. ನಾನು ಈಗ ಬೇಕೆಂದೇ ಮಧ್ಯೆ ಬಾಯಿ ಹಾಕುತ್ತೇನೆ. "ಅವಳು ಹಾಗಂದ್ಲಾ? ಆಮೇಲೆ?" ಅಂತ ಕೇಳುತ್ತೇನೆ, ಪಕ್ಷ ವಹಿಸುತ್ತೇನೆ, ಬೇಕಾದರೆ ಆ ಇನ್ನೊಬ್ಬಳನ್ನು ಬೈಯುತ್ತೇನೆ. ಕಾದಂಬರಿಗಾದರೆ ಆ ಇನ್ನೊಬ್ಬಳ ಮನಸ್ಸಿನಲ್ಲಿ ಏನಿತ್ತು ಅನ್ನುವುದೇ ಮುಖ್ಯ. ಅಳುತ್ತಾ ಬಂದ ಮಗಳಿಗೆ ಅದು ಬೇಡ.

ಮನೆಯವರ ಬದುಕನ್ನು ಎಷ್ಟು ಎತ್ತಿಕೊಳ್ಳಬಹುದು? ಇದಕ್ಕೆ ನನ್ನ ಹತ್ತಿರ ತತ್ವ ಏನಿಲ್ಲ, ಪದ್ಧತಿ ಇದೆ. ನಡೆದ ಘಟನೆಯನ್ನು ಹಾಗೇ ಹಾಕುವುದಿಲ್ಲ. ಅದರ ಪಕ್ಕದಲ್ಲಿದ್ದ ಒಂದು ಸಣ್ಣ ವಿವರ ತೆಗೆದುಕೊಳ್ಳುತ್ತೇನೆ, ಬೇರೆ ಘಟನೆಗೆ ಹೊಲಿಯುತ್ತೇನೆ. ಆ ಪಾತ್ರದ ವಯಸ್ಸು ಬದಲಾಗುತ್ತದೆ, ಹೆಣ್ಣು ಗಂಡಾಗುತ್ತಾಳೆ. ಯಾರಾದರೂ ನಂಬಿ ಹೇಳಿದ ಗುಟ್ಟನ್ನು ಅವರು ಬದುಕಿರುವಾಗ ಮುಟ್ಟುವುದಿಲ್ಲ. ಕಾಯಿಲೆಯನ್ನೂ ಅಷ್ಟೇ. ಇಷ್ಟೆಲ್ಲ ಮಾಡಿದರೂ ಗುರುತು ಹಿಡಿಯುವವರು ಹಿಡಿದೇ ಹಿಡಿಯುತ್ತಾರೆ.

ಅಮೆರಿಕದ ಥಾಮಸ್ ವುಲ್ಫ್ ಇದರಲ್ಲಿ ನಮಗೆಲ್ಲ ದೊಡ್ಡಣ್ಣ. 1929ರಲ್ಲಿ ಬಂದ ಅವರ ಮೊದಲ ಕಾದಂಬರಿ, ಹುಟ್ಟೂರು ಆ್ಯಶ್‌ವಿಲ್‌ನ ಜನರನ್ನು ಬೇರೆ ಹೆಸರಿಟ್ಟು ಸಾಲಾಗಿ ನಿಲ್ಲಿಸಿತ್ತು. ತಾಯಿ ನಡೆಸುತ್ತಿದ್ದ ವಸತಿಗೃಹವೂ ಅದರಲ್ಲಿತ್ತು. ಊರು ಕೆರಳಿತು. ವುಲ್ಫ್ ಮತ್ತೆ ಊರಿಗೆ ಕಾಲಿಟ್ಟದ್ದು 1937ರಲ್ಲಿ. ಅಷ್ಟು ವರ್ಷ ಊರ ಬಗ್ಗೆ ಬರೆದರು, ಊರಿಗೆ ಹೋಗಲಿಲ್ಲ. ಊರಿನಿಂದಾದರೆ ಎಂಟು ವರ್ಷ ತಪ್ಪಿಸಿಕೊಂಡು ಇರಬಹುದೇನೋ. ಬೆಳಿಗ್ಗೆ ಎದ್ದರೆ ಎದುರಾಗುವ ಮನೆಯವರಿಂದ ಎಲ್ಲಿಗೆ ಹೋಗುವುದು?

ಅದಕ್ಕೇ ಅಚ್ಚಿಗೆ ಕೊಡುವ ಮೊದಲು ಮನೆಯಲ್ಲಿ ಓದಲು ಕೊಟ್ಟೆ. ಲೇಖಕರಾದ ಗೆಳೆಯರು ಬೇಡ ಅಂದಿದ್ದರು. ಒಪ್ಪಿಗೆ ಕೇಳಿ ಬರೆದದ್ದು ಸಾಹಿತ್ಯ ಆಗುವುದಿಲ್ಲ ಅಂತ ಒಬ್ಬರು ಗಟ್ಟಿಯಾಗಿ ವಾದಿಸಿದರು. ಅವರು ಒಬ್ಬರೇ ಇರುವವರು, ಇರಲಿ. ನಾನು ಒಪ್ಪಿಗೆ ಕೇಳಲಿಲ್ಲ. "ಅಚ್ಚಾಗುವ ಮೊದಲು ನೀವು ಓದಿರಬೇಕು, ಬೇರೆಯವರಿಂದ ಕೇಳಬಾರದು" ಅಂತಷ್ಟೇ ಹೇಳಿದೆ.

ಕಥೆಯಲ್ಲಿ ಹಿರಿಮಗ ಸ್ವಲ್ಪ ದುಡ್ಡಿನ ಆಸೆಯವನು. ಭಾವನವರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ನಾನು ನಿದ್ದೆಗೆಟ್ಟಿದ್ದೆ. ಅವರು ಓದಿ, "ಇಂಥೋನೊಬ್ಬ ನಮ್ಮ ಆಫೀಸಲ್ಲಿ ಇದಾನೆ ಕಣಮ್ಮ, ನಿಂಗೆ ಹೇಗೆ ಗೊತ್ತಾಯ್ತು?" ಅಂದರು. ನಾದಿನಿ ಮಾತ್ರ ತಿಂಗಳುಗಟ್ಟಲೆ ಸಿಟ್ಟಾದಳು. ಅವಳ ಪಾತ್ರ ಅದರಲ್ಲಿ ಇಲ್ಲವೇ ಇಲ್ಲ. ಒಂದು ಕಡೆ, ಮನೆಯ ಮಗಳು ಕಿರಿಸೊಸೆಯ ಸೀರೆಯ ಅಂಚು ಮುಟ್ಟಿ ನೋಡಿ ಏನೂ ಹೇಳದೆ ಬಿಡುತ್ತಾಳೆ. ನಾನು ಕುರ್ಚಿಯಲ್ಲಿ ಕೂತು ಹುಟ್ಟಿಸಿದ ಸಾಲು ಅದು. "ನಾನು ಹಾಗೆ ಮಾಡಿದ್ದು ನಿಮ್ಮ ಗೃಹಪ್ರವೇಶದ ದಿನ. ಇಷ್ಟು ವರ್ಷ ಮನಸ್ಸಲ್ಲಿ ಇಟ್ಕೊಂಡಿದ್ರಾ ಅತ್ತಿಗೆ?" ಅಂತ ಕೇಳಿದಳು. ಹಾಗೆ ನಡೆದದ್ದೇ ನನಗೆ ಗೊತ್ತಿಲ್ಲ ಅಂದರೆ ಅವಳು ನಂಬಲಿಲ್ಲ. ನಂಬದಿರುವುದೇ ಸರಿಯೇನೋ. ಕಂಡದ್ದೆಲ್ಲ ನನಗೇ ಹೇಳಿ ಒಳಗೆ ಹೋಗಿ ಕೂರುತ್ತದೆ ಅಂತ ಏನೂ ಇಲ್ಲವಲ್ಲ. ಆ ಸಾಲನ್ನು ತೆಗೆದೆ. ಕಾದಂಬರಿಗೆ ಏನೂ ಕಮ್ಮಿಯಾಗಲಿಲ್ಲ. ಅವಳಿಗೆ ಸಮಾಧಾನವೂ ಆಗಲಿಲ್ಲ, ಅದು ಬೇರೆ ಮಾತು.

ಅತ್ತೆ ಪೂರ್ತಿ ಓದಿದರು, ನಿಧಾನವಾಗಿ, ಭೂತಕನ್ನಡಿ ಹಿಡಿದು. ಕೊನೆಗೆ ಕೇಳಿದ್ದು ಒಂದೇ. "ಮನೆ ಮಾರಿದ ಮೇಲೆ ಆ ತಾಯಿ ಎಲ್ಲಿಗೆ ಹೋದಳು?" ನಾನು ಅದನ್ನು ಬರೆದಿರಲಿಲ್ಲ. ಮಕ್ಕಳ ಲೆಕ್ಕಾಚಾರದಲ್ಲಿ ನನಗೂ ತಾಯಿ ಮರೆತುಹೋಗಿದ್ದಳು. ಕೊನೆಯ ಅಧ್ಯಾಯಕ್ಕೆ ಆಮೇಲೆ ಸೇರಿಸಿದ ನಾಲ್ಕು ಪುಟಗಳು ಪುಸ್ತಕದಲ್ಲಿ ನನಗೆ ಅತಿ ಇಷ್ಟವಾದವು. ವಿಮರ್ಶೆ ಬರೆದವರೂ ಅದನ್ನೇ ಎತ್ತಿ ಹೇಳಿದರು. ಅತ್ತೆಗೆ ತೋರಿಸಿದೆ. "ಕೇಳಿದ್ದಕ್ಕೆ ಉತ್ತರ ಸಿಕ್ತಲ್ಲ, ಸಾಕು" ಅಂದರು.

ಬರವಣಿಗೆಯ ಕಡೆಗೆ ಬಂದರೆ, ಕಿರಿಸೊಸೆಯನ್ನು ಇಟ್ಟುಕೊಂಡು ಬರೆಯುವುದೂ ಸಲೀಸಾಗಿರಲಿಲ್ಲ. ಅವಳಿಗೆ ಎಲ್ಲ ಕೋಣೆಗೂ ಪ್ರವೇಶ ಇಲ್ಲ. ಅಣ್ಣತಮ್ಮಂದಿರು ಪಾಲಿನ ಮಾತು ಆಡುವಾಗ ಅವಳು ಅಲ್ಲಿರುವಂತಿಲ್ಲ. ಹಾಗಾದರೆ ಕಾದಂಬರಿಯ ದೊಡ್ಡ ಜಗಳವನ್ನು ಓದುಗರಿಗೆ ತೋರಿಸುವುದು ಹೇಗೆ? ಬಾಗಿಲ ಹಿಂದೆ ನಿಲ್ಲಿಸಿ ಕದ್ದು ಕೇಳಿಸಬಹುದು. ಅದು ಧಾರಾವಾಹಿಯ ದಾರಿ. ನಾನು ಅವಳನ್ನು ಮೇಲಿನ ಕೋಣೆಯಲ್ಲಿ ಕೂರಿಸಿದೆ. ಕೆಳಗೆ ಕುರ್ಚಿ ಎಳೆದ ಸದ್ದು, ಯಾರೋ ಎದ್ದು ನಿಂತದ್ದು, ತುಂಬ ಹೊತ್ತು ಏನೂ ಕೇಳಿಸದೆ ಇದ್ದದ್ದು. ಆಮೇಲೆ ಗಂಡ ಮೇಲೆ ಬಂದು ಬನಿಯನ್ ಮಡಚಿಡುತ್ತಾನೆ. ಬಟ್ಟೆ ಮಡಚಿ ಗೊತ್ತಿಲ್ಲದವನು. ಒಳಗೆ ಏನಾಯಿತು ಅಂತ ನಾನು ಎಲ್ಲೂ ಬರೆದಿಲ್ಲ. ಕೆಲವು ಓದುಗರಿಗೆ ಇದು ಸಿಟ್ಟು ತರಿಸಿದೆ, ಪತ್ರ ಬರೆದು ಕೇಳಿದ್ದಾರೆ. ಅವಳಿಗೆ ಗೊತ್ತಾಗದ್ದು ನನಗೂ ಗೊತ್ತಿಲ್ಲ ಅಂತ ಉತ್ತರ ಕೊಟ್ಟೆ. ಪೂರ್ತಿ ನಿಜ ಅಲ್ಲ. ಮೊದಲ ಕರಡಿನಲ್ಲಿ ಆ ಜಗಳ ಹದಿನೈದು ಪುಟ ಇತ್ತು.

ಇನ್ನೊಂದು ತೊಡಕು ನಾನು ಎಣಿಸಿಯೇ ಇರಲಿಲ್ಲ. ಕಥೆ ನಡೆಯುವುದು ಆರು ವರ್ಷ. ಮೊದಲ ವರ್ಷ ಹೊರಗಿನವಳಾಗಿದ್ದವಳು ಆರನೇ ವರ್ಷಕ್ಕೂ ಹೊರಗಿನವಳಾಗಿ ಉಳಿಯುತ್ತಾಳಾ? ಅವಳಿಗೆ ಮಗುವಾಗಿದೆ, ಕೀಲಿಗೊಂಚಲು ಕೈಗೆ ಬಂದಿದೆ. ಹೊಸದಾಗಿ ಬಂದ ಕೆಲಸದವಳಿಗೆ, ಆ ಕುರ್ಚಿಯಲ್ಲಿ ಯಾರೂ ಕೂರಲ್ಲ ಅಂತ ಅವಳೇ ಹೇಳುತ್ತಾಳೆ. ಅಂದಮೇಲೆ ಅವಳ ಕಣ್ಣೂ ಬದಲಾಗಬೇಕಲ್ವಾ? ಮೊದಲ ಅಧ್ಯಾಯಗಳಲ್ಲಿ ವಸ್ತುಗಳೇ ತುಂಬಿದ್ದವು. ಬೀರು, ಗೋಡೆಯ ಕಲೆ, ಕಿರುಗುಟ್ಟುವ ಮೆಟ್ಟಿಲು. ಹೋಗ್ತಾ ಹೋಗ್ತಾ ಒಂದೊಂದನ್ನೇ ತೆಗೆದೆ. ರೂಢಿಯಾದವಳಿಗೆ ಮೆಟ್ಟಿಲ ಸದ್ದು ಕೇಳಿಸುವುದಿಲ್ಲ. ಕೊನೆಯ ಭಾಗದಲ್ಲಿ ಮನೆಯ ವರ್ಣನೆಯೇ ಇಲ್ಲ, ಬರೀ ಜನ. ಆಮೇಲೆ ಕೊಳ್ಳುವವರು ಮನೆ ನೋಡಲು ಬರುತ್ತಾರೆ. "ಈ ಮೆಟ್ಟಿಲು ಸದ್ದು ಮಾಡುತ್ತಲ್ಲ" ಅಂತ ಅವರಲ್ಲೊಬ್ಬರು ಅನ್ನುತ್ತಾರೆ. ಅವಳಿಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ಮನೆ ಮಾರಬಾರದು ಅಂತ ಮೊದಲ ಸಲ ಬಾಯಿ ಬಿಟ್ಟು ಹೇಳುವವಳು ಅವಳೇ. ಕಥೆ ಅಲ್ಲಿಗೆ ಹೋಗುತ್ತದೆ ಅಂತ ಬರೆಯುವವರೆಗೆ ನನಗೆ ತಿಳಿದಿರಲಿಲ್ಲ.

ನನ್ನದೂ ಈಗ ಹಾಗೇ ಆಗಿದೆ. ಹಳೆಯ ಕಥೆಗಳಿಗೆ ಎಲ್ಲರ ಜೊತೆಗೇ ನಗುತ್ತೇನೆ. ಭಾವನ ಮಗನಿಗೆ ಮದುವೆಯಾಗಿ ಹೊಸ ಹುಡುಗಿ ಬಂದಾಗ ಉಳಿದರ್ಧ ಹೇಳಿಕೊಟ್ಟವಳು ನಾನೇ. ಒಳ್ಳೆಯದೇ ಆಯಿತು, ಖುಷಿಯೇ. ಆದರೆ ಈ ಮನೆಯ ಬಗ್ಗೆ ಇನ್ನೊಂದು ಸಾಲೂ ಬರೆಯಲು ಬರುವುದಿಲ್ಲ. ನೋಡುತ್ತೇನೆ, ಏನೂ ಕಾಣಿಸುವುದಿಲ್ಲ. ಹಾಗಾಗಿ ಹೊಸ ಕಾದಂಬರಿಗೆ ನನಗೆ ಏನೇನೂ ತಿಳಿಯದ ಜಾಗ ಹುಡುಕಿಕೊಂಡಿದ್ದೇನೆ. ಕಾಯಂ ರಾತ್ರಿ ಪಾಳಿಯ ಒಬ್ಬ ರೈಲ್ವೆ ಸಿಗ್ನಲ್ ನೌಕರ. ಅವನ ಕೆಲಸ ಕಲಿಯುವುದರಲ್ಲೇ ದಿನ ಹೋಗುತ್ತಿದೆ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಅಂತ ನಿವೃತ್ತರೊಬ್ಬರನ್ನು ಕೇಳಿದರೆ, ಅವರು ನಗುತ್ತಾರೆ. ಅವರಿಗೆ ಅದು ಹೇಳುವಂಥ ವಿಷಯವೇ ಅಲ್ಲ.

ಓರಗಿತ್ತಿ ಮೊನ್ನೆ ಹೊಸದರ ಬಗ್ಗೆ ವಿಚಾರಿಸಿದರು. ರೈಲ್ವೆ ಅಂದೆ. ಮುಖ ಸಪ್ಪಗಾಯಿತು.

"ಅಂದ್ರೆ ನಮ್ಮನೆಯವರು ಯಾರೂ ಇಲ್ವಾ?"

"ಇಲ್ಲ ಅಕ್ಕಾ. ಬೇಜಾರಾಗಬೇಡಿ ಅಂತಾನೇ."

"ಹೋದ ಸಲ ಹಿರಿಸೊಸೆಗೆ ಎರಡೇ ಎರಡು ಮಾತು ಕೊಟ್ಟಿದ್ದೆ ನೀನು" ಅಂದರು. "ಈ ಸಲನಾದ್ರೂ ಜಾಸ್ತಿ ಕೊಡ್ತೀಯ ಅಂತ ಕಾಯ್ತಿದ್ದೆ."

ಆ ಸಿಗ್ನಲ್ ನೌಕರನಿಗೊಬ್ಬ ಅಕ್ಕ ಇದ್ದರೆ ಹೇಗೆ ಅಂತ ಈಗ ನೋಡುತ್ತಿದ್ದೇನೆ.